ಪದೇ ಪದೇ ನ್ಯುಮೋನಿಯಾ ಬರುವ ಮಗುವಿಗೆ ಯಾವ ಪರೀಕ್ಷೆ ಮಾಡಿಸಬೇಕು?

ಒಂದೂವರೆ ವರ್ಷದ ಮಗನಿಗೆ ಎರಡು ಸಲ ನ್ಯುಮೋನಿಯಾ ಬಂದಿದೆ, ಕಿವಿ ಸೋರುವುದು ನಿಂತಿಲ್ಲ, ಬೆಳೆಯುತ್ತಾ ಸರಿಹೋಗುತ್ತದೆ ಎಂದು ಮನೆಯವರು ಹೇಳುತ್ತಾರೆ, ಕಾಯಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಕಾಯಬೇಡಿ. ರಕ್ತದಲ್ಲಿನ ಐಜಿಜಿ, ಐಜಿಎ, ಐಜಿಎಂ (ಸೋಂಕಿನ ವಿರುದ್ಧ ಹೋರಾಡುವ ಪ್ರತಿಕಾಯಗಳ ಬಗೆಗಳು) ಪ್ರಮಾಣ ನೋಡಬೇಕೇ ಎಂದು ಮಕ್ಕಳ ವೈದ್ಯರನ್ನು ನೀವೇ ಬಾಯಿಬಿಟ್ಟು ಕೇಳಿ. ವರದಿಯನ್ನು ಅದೇ ವಯಸ್ಸಿನ ಮಕ್ಕಳ ಮಟ್ಟಕ್ಕೆ ಹೋಲಿಸಬೇಕು, ದೊಡ್ಡವರ ಮಟ್ಟ ಬೇರೆ.

ಆರು ತಿಂಗಳವರೆಗೆ ಗುಂಡುಗುಂಡಾಗಿದ್ದವನು ಆಮೇಲೆ ಸೊರಗಿದ ಎಂದು ಬರೆದಿದ್ದೀರಲ್ಲ, ನನಗೆ ದಿಗಿಲಾದದ್ದು ಅದನ್ನು ಓದಿ. ನನ್ನ ಮಗನಿಗೂ ಹೀಗೇ ಆಗಿತ್ತು. ಅವನಿಗಿರುವುದು ಎಕ್ಸ್-ಲಿಂಕ್ಡ್ ಅಗಾಮಾಗ್ಲೋಬ್ಯುಲಿನೀಮಿಯಾ, ಅಂದರೆ ದೇಹ ಪ್ರತಿಕಾಯ ತಯಾರಿಸಲಾಗದ ಹುಟ್ಟುಕಾಯಿಲೆ. ಬಸಿರಿನಲ್ಲಿ ತಾಯಿಯಿಂದ ಬಂದ ಪ್ರತಿಕಾಯಗಳು ಮೊದಲ ಕೆಲವು ತಿಂಗಳು ಮಗುವನ್ನು ಕಾಯುತ್ತವೆ. ಅವು ಕರಗಿದ ಮೇಲೆ ಮಗುವಿನ ದೇಹವೇ ತಯಾರಿಸಿಕೊಳ್ಳಬೇಕು. ಬಿಟಿಕೆ ಎಂಬ ಜೀನ್‌ನಲ್ಲಿ ದೋಷವಿದ್ದರೆ ಪ್ರತಿಕಾಯ ತಯಾರಿಸುವ ಬಿ ಕೋಶಗಳು ಬಲಿಯುವುದೇ ಇಲ್ಲ. ನಮ್ಮ ವೈದ್ಯೆ ಟಾರ್ಚ್ ಹಿಡಿದು ಗಂಟಲು ನೋಡಿದಾಗ ಟಾನ್ಸಿಲ್ ಇರಬೇಕಾದ ಜಾಗ ಬರಿದಾಗಿತ್ತು. ಅವರಿಗೆ ಅನುಮಾನ ಬಂದದ್ದು ಅಲ್ಲಿಂದಲೇ.

ಆ ಜೀನ್ ಎಕ್ಸ್ ವರ್ಣತಂತುವಿನಲ್ಲಿದೆ, ಹಾಗಾಗಿ ಈ ಕಾಯಿಲೆ ಬರುವುದು ಹೆಚ್ಚುಕಡಿಮೆ ಗಂಡುಮಕ್ಕಳಿಗೇ. ತಾಯಿಯ ತವರಿನಲ್ಲಿ ಗಂಡುಕೂಸುಗಳು ಸೋಂಕಿನಿಂದ ತೀರಿಕೊಂಡದ್ದುಂಟೇ ಎಂದು ಹಿರಿಯರನ್ನು ವಿಚಾರಿಸಿ. ವಂಶದಲ್ಲಿ ಯಾರಿಗೂ ಇಲ್ಲದೆ ಹೊಸದಾಗಿಯೂ ಬರಬಹುದು. ಸೊಸೆಯ ಕಡೆಯ ದೋಷ ಎಂದು ಯಾರಾದರೂ ಆಡಿದರೆ ಅಲ್ಲಿಯೇ ತಡೆಯಿರಿ. ಆ ಮಾತು ತಾಯಿಯನ್ನು ಒಳಗೊಳಗೇ ಕೊಲ್ಲುತ್ತದೆ.

ವರದಿ ಬರುವವರೆಗೆ ಪೋಲಿಯೊ ಹನಿಯೂ ಸೇರಿ ಯಾವುದೇ ಜೀವಂತ ಲಸಿಕೆ (ಬಲ ಕುಂದಿಸಿದ ಜೀವಂತ ರೋಗಾಣು ಇರುವ ಲಸಿಕೆ) ಹಾಕಿಸುವ ಮುನ್ನ ವೈದ್ಯರನ್ನು ಕೇಳಿ. ಕಾಯಿಲೆ ಖಚಿತವಾದರೆ ಮನೆಯ ಇತರ ಮಕ್ಕಳಿಗೂ ಹನಿಯ ಬದಲು ಚುಚ್ಚುಮದ್ದೇ ಆಗಬೇಕು. ಪಲ್ಸ್ ಪೋಲಿಯೊ ದಿನ ಮನೆಗೆ ಬರುವ ಆಶಾ ಕಾರ್ಯಕರ್ತೆಗೆ ನಾವು ವೈದ್ಯರ ಚೀಟಿ ತೋರಿಸುತ್ತೇವೆ.

ಇದಕ್ಕೆ ಚಿಕಿತ್ಸೆ ಇದೆ. 1952ರಲ್ಲಿ ಅಮೆರಿಕದ ವೈದ್ಯ ಓಗ್ಡನ್ ಬ್ರೂಟನ್ ಈ ಕಾಯಿಲೆಯನ್ನು ಎಂಟು ವರ್ಷದ ಹುಡುಗನಲ್ಲಿ ಗುರುತಿಸಿ, ಹೊರಗಿನಿಂದ ಪ್ರತಿಕಾಯ ಕೊಟ್ಟೇ ಸುಧಾರಿಸಿದ್ದರು. ಈಗ ಸಾವಿರಾರು ದಾನಿಗಳ ಪ್ಲಾಸ್ಮಾದಿಂದ (ರಕ್ತದ ದ್ರವಭಾಗ) ತೆಗೆದ ಇಮ್ಯುನೊಗ್ಲೋಬ್ಯುಲಿನ್, ಅಂದರೆ ಪ್ರತಿಕಾಯಗಳನ್ನು, ಸಾಮಾನ್ಯವಾಗಿ ಮೂರು-ನಾಲ್ಕು ವಾರಕ್ಕೊಮ್ಮೆ ಡ್ರಿಪ್ ಮೂಲಕ ಕೊಡುತ್ತಾರೆ. ನನ್ನ ಮಗ ಈಗ ಶಾಲೆಗೆ ಹೋಗುತ್ತಾನೆ, ಮಳೆಯಲ್ಲಿ ನೆನೆದು ಬಂದು ನನ್ನಿಂದ ಬೈಸಿಕೊಳ್ಳುತ್ತಾನೆ. ಡೋಸ್ ಮಗುವಿನ ತೂಕಕ್ಕೆ ತಕ್ಕಂತೆ, ಆದ್ದರಿಂದ ಬೆಳೆದಷ್ಟೂ ಖರ್ಚು ಏರುತ್ತದೆ. ಕೇಂದ್ರ ಸರ್ಕಾರದ 2021ರ ಅಪರೂಪದ ಕಾಯಿಲೆಗಳ ನೀತಿಯಲ್ಲಿ ನೆರವಿನ ದಾರಿಯಿದೆ. ರೋಗ ಖಚಿತವಾದರೆ ಬೆಂಗಳೂರಿನ ಇಂದಿರಾಗಾಂಧಿ ಮಕ್ಕಳ ಆಸ್ಪತ್ರೆಯಲ್ಲಿ ವಿಚಾರಿಸಿ.