ಬಿಡದಿಯ ಕಾರು ಯಾರದು?

ರಾಜಾಜಿನಗರದ ಹಿರಿಯ ಓದುಗರೊಬ್ಬರ ಪತ್ರದ ಸಾರ ಇದು: "ಮೈಸೂರು ರಸ್ತೆಯಲ್ಲಿ ಹೋದಾಗಲೆಲ್ಲ ಬಿಡದಿಯ ಬಳಿ ಹೊಸ ಕಾರುಗಳನ್ನು ಹೇರಿಕೊಂಡ ಟ್ರೇಲರ್‌ಗಳು ಎದುರಾಗುತ್ತವೆ. ಒಂದರ ಮೇಲೂ ನಮ್ಮ ಹೆಸರಿಲ್ಲ. ವಿಶ್ವೇಶ್ವರಯ್ಯನವರು ಸ್ವಾತಂತ್ರ್ಯಕ್ಕೂ ಮೊದಲೇ ಕಾರು ಕಾರ್ಖಾನೆ ಬೇಕೆಂದರು. ನಾವು ಇವತ್ತಿಗೂ ಬೇರೆಯವರ ಕಾರಿಗೆ ನಟ್ಟು ಬೋಲ್ಟು ತಿರುಗಿಸುತ್ತಿದ್ದೇವೆ. ಇದನ್ನು ಉದ್ಯಮ ಅನ್ನಬೇಕೋ, ಕೂಲಿ ಅನ್ನಬೇಕೋ? ನನ್ನ ಮೊಮ್ಮಗ ಟೂಲ್ ಅಂಡ್ ಡೈ ಡಿಪ್ಲೊಮಾ ಮುಗಿಸಿದ್ದಾನೆ. ಪೀಣ್ಯದಲ್ಲಿ ಕೆಲಸ ಸಿಕ್ಕಿದೆ. ಬೇಡ, ಸಾಫ್ಟ್‌ವೇರ್ ಕೋರ್ಸಿಗೆ ಸೇರು ಎನ್ನುತ್ತಿದ್ದೇವೆ. ತಪ್ಪೇ?"

ಮಾನ್ಯರೇ,

ಮೊಮ್ಮಗನ ವಿಷಯ ಕೊನೆಗಿರಲಿ. ಮೊದಲು ವಿಶ್ವೇಶ್ವರಯ್ಯನವರು. ಎಪ್ಪತ್ತು ದಾಟಿದ ವಯಸ್ಸಿನಲ್ಲಿ, 1935ರಲ್ಲಿ, ಅವರು ಯುರೋಪು, ಅಮೆರಿಕ ಸುತ್ತಿ ಕಾರು ಕಾರ್ಖಾನೆಗಳನ್ನು ನೋಡಿಬಂದು ಯೋಜನೆ ಸಿದ್ಧಪಡಿಸಿದರು. ಉದ್ಯಮಿ ವಾಲಚಂದ್ ಹೀರಾಚಂದ್ ಅದಕ್ಕೆ ಕೈಹಾಕಿದರು. ಮೈಸೂರು ಸಂಸ್ಥಾನಕ್ಕೆ ಒಲವಿತ್ತು, ಬ್ರಿಟಿಷ್ ಸರ್ಕಾರಕ್ಕೆ ಇರಲಿಲ್ಲ. ಅಷ್ಟರಲ್ಲಿ ಯುದ್ಧ ಬಂತು. 1940ರ ಡಿಸೆಂಬರಿನಲ್ಲಿ ಅದೇ ವಾಲಚಂದ್, ಅದೇ ಮೈಸೂರು ಸರ್ಕಾರದ ಜೊತೆ ಸೇರಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ತೆರೆದರು. ಕಾರು ಕೇಳಿದ ಊರಿಗೆ ವಿಮಾನ ಸಿಕ್ಕಿತು! ಅವರ ಕಾರು ಕಂಪನಿ ಪ್ರೀಮಿಯರ್ ಹುಟ್ಟಿದ್ದು ಆಮೇಲೆ, 1944ರಲ್ಲಿ, ಮುಂಬಯಿಯಲ್ಲಿ.

ಇನ್ನು 'ನಮ್ಮ ಹೆಸರಿನ ಕಾರು'. ಅಂಥದ್ದು ಒಂದೂ ಇರಲಿಲ್ಲ ಅನ್ನುವಂತೆ ನೀವು ಬರೆದದ್ದನ್ನು ನಾನು ಒಪ್ಪುವುದಿಲ್ಲ. ಎಪ್ಪತ್ತರ ದಶಕದಲ್ಲಿ ಇದೇ ಊರಿನ ಸಿಪಾನಿಯವರು 'ಬಾದಲ್' ಎಂಬ ಮೂರು ಚಕ್ರದ ಕಾರು ಮಾಡಿದರು, 1982ರ ಹೊತ್ತಿಗೆ 'ಡಾಲ್ಫಿನ್'. ಫೈಬರ್ ಮೈಯ ಪುಟ್ಟ ಗಾಡಿ. ಹೆಸರು ನಮ್ಮದು, ವಿನ್ಯಾಸ ಮಾತ್ರ ಇಂಗ್ಲೆಂಡಿನ ರಿಲಯಂಟ್ ಕಿಟನ್ನಿನದು. ಮರುವರ್ಷ ಡಿಸೆಂಬರಿನಲ್ಲಿ ಮಾರುತಿ 800 ಬಂತು, ಡಾಲ್ಫಿನ್ ಮತ್ತೆ ಚೇತರಿಸಿಕೊಳ್ಳಲಿಲ್ಲ. 2001ರಲ್ಲಿ ಬೊಮ್ಮಸಂದ್ರದಿಂದ 'ರೇವಾ' ಹೊರಟಿತು. ವಿದ್ಯುತ್ ಕಾರು ಅಂದರೆ ಜನ ನಗುತ್ತಿದ್ದ ಕಾಲ ಅದು. ಲಂಡನ್ನಿನ ಬೀದಿಗಳಲ್ಲಿ ಅದು ಬೇರೆ ಹೆಸರಿಟ್ಟುಕೊಂಡು ಓಡಾಡಿತು. ನಮ್ಮವರು ಕೊಳ್ಳಲಿಲ್ಲ. ನಾನೂ ಕೊಳ್ಳಲಿಲ್ಲ, ನೀವು ಕೊಂಡಿದ್ದರೆ ಕ್ಷಮಿಸಿ. 2010ರಲ್ಲಿ ಕಂಪನಿ ಮಹೀಂದ್ರಾದವರ ಪಾಲಾಯಿತು.

ಈಗ ನಿಮ್ಮ ನಟ್ಟು ಬೋಲ್ಟಿನ ಮಾತಿಗೆ ಬರುತ್ತೇನೆ. ನನ್ನ ತಕರಾರು ಇರುವುದು ಇಲ್ಲೇ. ತಿರುಗಿಸುವುದು ಸುಲಭ. ಆ ನಟ್ಟನ್ನು ಒಂದು ಲಕ್ಷ ಸಲ ಒಂದೇ ಅಳತೆಗೆ ಮಾಡುವುದಿದೆಯಲ್ಲ, ಕಾರು ಉದ್ಯಮ ಅಂದರೆ ಅದು. ನನ್ನ ಸೋದರಮಾವ ಪೀಣ್ಯದ ಶೆಡ್ಡೊಂದರಲ್ಲಿ ಟರ್ನರ್ ಆಗಿದ್ದರು. ಒಮ್ಮೆ ಅವರು ಕಳಿಸಿದ ಬುಷ್‌ಗಳ, ಅಂದರೆ ತೂತಿರುವ ಲೋಹದ ಬಳೆಗಳ, ಇಡೀ ಲಾಟ್ ರಿಜೆಕ್ಟ್ ಆಗಿ ವಾಪಸು ಬಂತು. ತೂತಿನ ಅಳತೆ ಮಿಲಿಮೀಟರಿನ ನೂರರಲ್ಲಿ ಎರಡು ಭಾಗ ಹೆಚ್ಚಾಗಿತ್ತಂತೆ. ಅಷ್ಟಕ್ಕೆಲ್ಲ ಯಾರಾದರೂ ವಾಪಸು ಕಳಿಸುತ್ತಾರಾ ಅಂತ ಅತ್ತೆ ಕೇಳಿದ್ದಕ್ಕೆ ಮಾವ ಊಟ ಬಿಟ್ಟು ಎದ್ದಿದ್ದರು. ಆಮೇಲೆ ಅದೇ ಮಾವ ಅಡುಗೆಮನೆಯ ಡಬ್ಬದ ಮುಚ್ಚಳ ಸಡಿಲವಿದ್ದರೂ ಸಹಿಸುತ್ತಿರಲಿಲ್ಲ.

ಈ ಗೀಳು ಊರಿಗೆ ಹತ್ತಿದ್ದು ಒಂದೇ ದಿನದಲ್ಲಲ್ಲ. 1951ರಲ್ಲಿ ಹುಟ್ಟಿದ, ಡೀಸೆಲ್ ಎಂಜಿನ್ನಿಗೆ ಪಂಪು ಮಾಡುವ ಮೈಕೋ ಆಡುಗೋಡಿಗೆ ಬಂತು. 1953ರಲ್ಲಿ ಲೇತಿನಂಥ ಯಂತ್ರಗಳನ್ನು ಮಾಡುವ ಎಚ್‌ಎಂಟಿ. ಡೀಸೆಲ್ ಪಂಪಿನೊಳಗೆ ಎಣ್ಣೆ ತಳ್ಳುವ ಪ್ಲಂಜರಿಗೂ ಅದರ ಸುತ್ತಲಿನ ಕೊಳವೆಗೂ ನಡುವೆ ಬಿಡುವ ಸಂದು ಎರಡು ಮೂರು ಮೈಕ್ರಾನ್. ನಮ್ಮ ತಲೆಗೂದಲು ಅದಕ್ಕಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ದಪ್ಪ. ಅಂಥದ್ದನ್ನು ಮಾಡಲು ಕಲಿತವರು ನಿವೃತ್ತರಾಗಿ, ಇಲ್ಲವೇ ಜಗಳ ಮಾಡಿಕೊಂಡು, ಹೊರಬಂದು ತಮ್ಮದೇ ಲೇತು ಹಾಕಿಕೊಂಡರು. 1972ರಲ್ಲಿ ಡೆನ್ಮಾರ್ಕಿನವರ ನೆರವಿನಿಂದ ನಿಮ್ಮ ರಾಜಾಜಿನಗರದಲ್ಲೇ ಅಚ್ಚು, ಉಪಕರಣ ಮಾಡುವುದನ್ನು ಕಲಿಸುವ ಸರ್ಕಾರಿ ಟೂಲ್ ರೂಂ ಶುರುವಾಯಿತು. ಮೈಕೋ 2008ರಲ್ಲಿ ಬಾಷ್ ಆಯಿತು. ಬಸ್ಸಿನ ಕಂಡಕ್ಟರ್ ಮಾತ್ರ ಇನ್ನೂ 'ಮೈಕೋ ಲೇಔಟ್' ಅಂತಲೇ ಕೂಗುತ್ತಾನೆ.

ಮಾರುತಿಯ ಕತೆಯೂ ಇದೇ. 1983ರ ಮೊದಲ ಕಾರುಗಳು ಹೆಚ್ಚುಕಮ್ಮಿ ಜಪಾನಿನಿಂದ ಪೆಟ್ಟಿಗೆಯಲ್ಲಿ ಬಂದ ಭಾಗಗಳ ಜೋಡಣೆ. ಅಂದರೆ ನೀವು ಹೇಳುವ ಕೂಲಿಯೇ. ಆದರೆ ಭಾಗಗಳನ್ನು ಹಂತಹಂತವಾಗಿ ಇಲ್ಲೇ ಮಾಡಿಸಬೇಕೆಂಬ ಷರತ್ತನ್ನು ಸರ್ಕಾರ ಹಾಕಿತ್ತು. 1985ರ ನಂತರ ಯೆನ್ ಬೆಲೆ ಏರಿದ್ದೇ ಏರಿದ್ದು, ತರಿಸಿಕೊಳ್ಳುವುದು ಕೈ ಸುಡತೊಡಗಿತು. ಸರ್ಕಾರದ ಷರತ್ತಿಗಿಂತ ಯೆನ್ನೇ ಹೆಚ್ಚು ಕೆಲಸ ಮಾಡಿತು ಅಂತ ನನ್ನ ಗುಮಾನಿ. ಮಾರುತಿ ತಾನೇ ಬಿಡಿಭಾಗದ ಕಂಪನಿಗಳಲ್ಲಿ ಪಾಲು ಹಾಕಿತು, ಜಪಾನಿನವರನ್ನು ಕರೆಸಿ ಅವರ ಪಕ್ಕ ಕೂರಿಸಿತು. 1993ರಲ್ಲಿ ಕಾರಿಗೆ ಲೈಸೆನ್ಸ್ ಬೇಕಿಲ್ಲ ಎಂದಾದಾಗ ಹೊರಗಿನವರು ನುಗ್ಗಿ ಬಂದದ್ದಕ್ಕೆ ಇಲ್ಲಿನ ಗಿರಾಕಿಗಳು ಒಂದು ಕಾರಣವಾದರೆ ಈ ಬಿಡಿಭಾಗದವರು ಇನ್ನೊಂದು. ಬಿಡದಿಯಲ್ಲಿ 1999ರ ಕೊನೆಗೆ ಜಪಾನಿನ ಟೊಯೊಟಾದವರ ಕ್ವಾಲಿಸ್ ತಯಾರಾಗತೊಡಗಿತು. ತಟ್ಟೆ ಇಡ್ಲಿಗಷ್ಟೇ ಹೆಸರಾದ ಊರಿಗೆ ಅಲ್ಲಿಂದ ಮುಂದೆ ಶಿಫ್ಟ್ ಬಸ್ಸುಗಳೂ ಬಂದವು.

ಹೆಸರೇ ಮುಖ್ಯ ಅನ್ನುವುದಾದರೆ ಮಲೇಷ್ಯಾ ನೋಡಿ. 1985ರಲ್ಲಿ ಮಿತ್ಸುಬಿಷಿಯ ಕಾರಿಗೆ 'ಪ್ರೋಟಾನ್ ಸಾಗಾ' ಅಂತ ತಮ್ಮ ಹೆಸರಿಟ್ಟರು, ಹೊರಗಿನ ಕಾರಿಗೆ ಭಾರೀ ಸುಂಕ ಹಾಕಿದರು. ಮನೆಯಂಗಳದಲ್ಲೇ ಗೆದ್ದು ಅಲ್ಲೇ ನಿಂತಿತು. 2017ರಲ್ಲಿ ಅರ್ಧದಷ್ಟು ಪಾಲು ಚೀನಾದ ಗೀಲಿಗೆ ಹೋಯಿತು. ಕೊರಿಯಾದ ಹ್ಯುಂಡೈ 1975ರಲ್ಲಿ 'ಪೋನಿ' ಮಾಡಿದಾಗ ಅದೂ ಎರವಲೇ: ಎಂಜಿನ್ ಮಿತ್ಸುಬಿಷಿಯದು, ರೂಪ ಇಟಲಿಯ ಜುಜಾರೊ ಅವರದು. ಆದರೆ ಮರುವರ್ಷವೇ ಅದನ್ನು ಹೊರದೇಶಕ್ಕೆ ಕಳಿಸಿದರು. ಅಲ್ಲಿ ಬೈಸಿಕೊಂಡರು, ತಿದ್ದಿದರು, 1991ರಲ್ಲಿ ತಮ್ಮದೇ ಎಂಜಿನ್ ತಂದರು. ಮಲೇಷ್ಯಾದವರು ಬೈಸಿಕೊಳ್ಳುವ ಭಾಗ್ಯವನ್ನು ಸುಂಕ ಹಾಕಿ ತಪ್ಪಿಸಿಕೊಂಡರು.

ಹಾಗಂತ ನಿಮ್ಮ ಸಂಕಟ ಸುಳ್ಳಲ್ಲ. ಬಿಡದಿಯಲ್ಲಿ ಮುಂದಿನ ಮಾದರಿ ಯಾವುದು ಅನ್ನುವ ತೀರ್ಮಾನದಲ್ಲಿ ಕೊನೆಯ ಮಾತು ಜಪಾನಿನದೇ. ಮರ್ಸಿಡಿಸ್‌ನವರ ಸಂಶೋಧನಾ ಕಚೇರಿ 1996ರಿಂದ ಬೆಂಗಳೂರಿನಲ್ಲಿದೆ, ಇಲ್ಲಿನ ಹುಡುಗಿಯರು ಹುಡುಗರು ಬರೆದ ಲೆಕ್ಕ ಜರ್ಮನಿಯ ಕಾರಿನಲ್ಲಿ ಓಡುತ್ತದೆ, ಹೆಸರು ಅಲ್ಲಿನದು. ನನ್ನನ್ನು ಇದಕ್ಕಿಂತ ಹೆಚ್ಚು ಕೆಣಕುವುದು ಇನ್ನೊಂದಿದೆ: ಬೆಂಗಳೂರಿನಲ್ಲಿ ಕೂತು ರೂಪಿಸಿದ ಏಥರ್ ವಿದ್ಯುತ್ ಸ್ಕೂಟರ್ ತಯಾರಾಗುವುದು ಗಡಿಯಾಚೆ, ಹೊಸೂರಿನಲ್ಲಿ. ಅತ್ತಿಬೆಲೆ ದಾಟಿದರೆ ಸಾಕು. ಪತ್ರ ಬರೆಯುವುದಿದ್ದರೆ ಇದರ ಬಗ್ಗೆ ನಮ್ಮ ಸರ್ಕಾರಕ್ಕೆ ಒಂದು ಬರೆಯಿರಿ, ನಾನೂ ಸಹಿ ಹಾಕುತ್ತೇನೆ.

ಮೊಮ್ಮಗನಿಗೆ ಬೇಡ ಅನ್ನುವ ಮೊದಲು ಒಂದು ಬೆಳಿಗ್ಗೆ ಅವನ ಜೊತೆ ಆ ಶೆಡ್ಡಿಗೆ ಹೋಗಿಬನ್ನಿ. ಡೈ, ಅಂದರೆ ಲೋಹಕ್ಕೆ ಆಕಾರ ಕೊಡುವ ಅಚ್ಚು, ಅಲ್ಲೇ ಮಾಡುತ್ತಾರೋ, ಹೊರಗಿನಿಂದ ತರಿಸಿ ಬರೀ ಪ್ರೆಸ್ ಒತ್ತುತ್ತಾರೋ ಕೇಳಿ. ಅಳತೆ ನೋಡುವ ಕೋಣೆ ಬೇರೆ ಇದೆಯೋ, ಇದ್ದರೆ ಅದರೊಳಗೆ ಕೆಲಸ ನಡೆಯುತ್ತಿದೆಯೋ ಅಥವಾ ಬೀಗ ಹಾಕಿ ಧೂಳು ಹಿಡಿದಿದೆಯೋ ನೋಡಿ. ಹೊಸಬರ ಕೈಗೆ ಡ್ರಾಯಿಂಗ್ ಕೊಡುವುದು ಯಾವಾಗ ಅಂತ ಮಾಲೀಕರನ್ನಲ್ಲ, ಅಲ್ಲಿನ ಹಳೇ ಫಿಟ್ಟರನ್ನು ವಿಚಾರಿಸಿ. ಮೂರಕ್ಕೂ ಒಳ್ಳೆಯ ಉತ್ತರ ಸಿಕ್ಕರೆ ಹುಡುಗನನ್ನು ಬಿಟ್ಟುಬನ್ನಿ. ಸಿಗದಿದ್ದರೆ ಅದೇ ರಸ್ತೆಯಲ್ಲಿ ಮುಂದಿನ ಶೆಡ್ಡಿನ ಬಾಗಿಲು ತಟ್ಟಿ, ಪೀಣ್ಯದಲ್ಲಿ ಶೆಡ್ಡುಗಳಿಗೇನು ಬರವಿಲ್ಲ.

— ಸಂಪಾದಕ