ಸೈನಸ್ ಎಂದುಕೊಂಡದ್ದು ಅಲರ್ಜಿಯೂ ಇರಬಹುದು

ಪ್ರಶ್ನೆ: ನನಗೆ 34 ವರ್ಷ. ವರ್ಷದಿಂದ ಬೆಳಿಗ್ಗೆ ಎದ್ದ ಕೂಡಲೇ ಒಂದರ ಹಿಂದೊಂದು ಸೀನು, ನೀರಿನಂತೆ ಸುರಿಯುವ ಮೂಗು, ಕಣ್ಣುತುರಿಕೆ, ಹಣೆಭಾರ. ಸೈನಸ್ ಎಂದುಕೊಂಡು ಎರಡು ಸಲ ಆಂಟಿಬಯೋಟಿಕ್ ತೆಗೆದುಕೊಂಡೆ, ಉಪಯೋಗವಾಗಲಿಲ್ಲ. ಮೂರು ತಿಂಗಳಿಂದ ಮೂಗಿಗೆ ಡ್ರಾಪ್ಸ್ ಹಾಕದೆ ನಿದ್ದೆ ಬರುತ್ತಿಲ್ಲ. ವೈದ್ಯರು ಬರೆದುಕೊಟ್ಟ ಸ್ಟೀರಾಯ್ಡ್ ಸ್ಪ್ರೇಯನ್ನು ನಾಲ್ಕು ದಿನ ಹಾಕಿ ಬಿಟ್ಟೆ. ಗುಣ ಕಾಣಲಿಲ್ಲ, ಮೂಗಿನಲ್ಲಿ ರಕ್ತವೂ ಬಂತು. ಮುಂದೇನು?

ಉತ್ತರ: ಸೀನು, ತುರಿಕೆ, ತಿಳಿನೀರು ಮೂರೂ ಒಟ್ಟಿಗಿರುವುದರಿಂದ ಇದು ಸೋಂಕಿಗಿಂತ ಹೆಚ್ಚಾಗಿ ಮೂಗಿನ ಅಲರ್ಜಿಯಂತೆ ಕಾಣುತ್ತದೆ. ಸೈನಸ್ ಸೋಂಕಿನಲ್ಲಿ ಸಿಂಬಳ ದಪ್ಪಗಿರುತ್ತದೆ, ಕೆನ್ನೆ ಅಥವಾ ಹಣೆ ನೋಯುತ್ತದೆ, ವಾಸನೆ ಸರಿಯಾಗಿ ತಿಳಿಯುವುದಿಲ್ಲ. ಬರೀ ಸಿಂಬಳದ ಬಣ್ಣ ನೋಡಿ ಬ್ಯಾಕ್ಟೀರಿಯಾ ಎನ್ನುವಂತಿಲ್ಲ. ಸಾಧಾರಣ ನೆಗಡಿಯಲ್ಲೂ ಅದು ಹಸಿರಾಗುತ್ತದೆ. 10 ದಿನವಾದರೂ ಇಳಿಯದಿದ್ದರೆ, ಕಡಿಮೆಯಾಗುತ್ತಾ ಬಂದದ್ದು ಮತ್ತೆ ಜೋರಾದರೆ, ಅಥವಾ 39 ಡಿಗ್ರಿ ಸೆಲ್ಸಿಯಸ್ ಜ್ವರದ ಜೊತೆ ಮುಖನೋವು ಮೂರ್ನಾಲ್ಕು ದಿನ ಬಿಡದಿದ್ದರೆ ಬ್ಯಾಕ್ಟೀರಿಯಾದ ಅನುಮಾನ ಬರುತ್ತದೆ. ಅಲರ್ಜಿಗೆ ಆಂಟಿಬಯೋಟಿಕ್‌ನಿಂದ ಯಾವ ಪ್ರಯೋಜನವೂ ಇಲ್ಲ. ಹಣೆಭಾರದ ಜೊತೆ ವಾಕರಿಕೆ ಇದ್ದು, ಬೆಳಕು ಕಂಡರೆ ಆಗದು ಎಂದಿದ್ದರೆ ವೈದ್ಯರಿಗೆ ಹೇಳಿ. ಸೈನಸ್ ತಲೆನೋವು ಎಂದುಕೊಂಡು ವರ್ಷಗಟ್ಟಲೆ ಅನುಭವಿಸುವ ಅನೇಕರಿಗೆ ಇರುವುದು ಮೈಗ್ರೇನ್.

ಈಗ ರಾತ್ರಿ ಮೂಗು ಕಟ್ಟುವುದರಲ್ಲಿ ಡ್ರಾಪ್ಸ್‌ನ ಪಾಲು ದೊಡ್ಡದಿರಬಹುದು. ಆಕ್ಸಿಮೆಟಜೋಲಿನ್, ಕ್ಸೈಲೋಮೆಟಜೋಲಿನ್ ಇರುವ ಡ್ರಾಪ್ಸ್ ಮೂಗಿನೊಳಗಿನ ರಕ್ತನಾಳಗಳನ್ನು ಕುಗ್ಗಿಸುತ್ತವೆ, ಅದಕ್ಕೇ ನಿಮಿಷಗಳಲ್ಲಿ ಉಸಿರು ಸರಾಗವಾಗುತ್ತದೆ. ಆದರೆ ಮೂರರಿಂದ ಐದು ದಿನ ಮೀರಿ ಹಾಕಿದರೆ, ಔಷಧಿ ಇಳಿದೊಡನೆ ಒಳಪೊರೆ ಮೊದಲಿಗಿಂತ ಹೆಚ್ಚು ಊದಿಕೊಳ್ಳುತ್ತದೆ. ನೀವು ಮತ್ತೆ ಹಾಕುತ್ತೀರಿ, ಅದು ಮತ್ತೆ ಊದುತ್ತದೆ. ಇದನ್ನು ಬಿಡಲೇಬೇಕು. ಒಮ್ಮೆಗೇ ಬಿಡಲಾಗದಿದ್ದರೆ ಮೊದಲು ಒಂದು ಹೊಳ್ಳೆಗೆ ನಿಲ್ಲಿಸಿ, ಆ ಕಡೆ ಉಸಿರಾಟ ಸರಿಹೋದ ಮೇಲೆ ಇನ್ನೊಂದಕ್ಕೂ ನಿಲ್ಲಿಸಿ. ಸ್ಟೀರಾಯ್ಡ್ ಸ್ಪ್ರೇಯನ್ನು ಮಾತ್ರ ಮೊದಲ ದಿನದಿಂದಲೇ ಎರಡೂ ಕಡೆ ಹಾಕಿ. ಮೊದಲ ಕೆಲವು ರಾತ್ರಿ ಕಷ್ಟವಾಗುತ್ತದೆ, ತಲೆಯನ್ನು ಸ್ವಲ್ಪ ಎತ್ತರದಲ್ಲಿಟ್ಟು ಮಲಗಿ.

ಆ ಸ್ಪ್ರೇಯೇ ನಿಮ್ಮ ಮುಖ್ಯ ಔಷಧಿ. ನಾಲ್ಕು ದಿನಕ್ಕೆ ಕೈಬಿಟ್ಟಿದ್ದೇ ತೊಂದರೆಯಾಯಿತು. ಫ್ಲೂಟಿಕಾಸೋನ್, ಮೊಮೆಟಾಸೋನ್‌ನಂಥವು ಊತವನ್ನು ನಿಧಾನವಾಗಿ ಇಳಿಸುತ್ತವೆ. ಪೂರ್ತಿ ಪರಿಣಾಮಕ್ಕೆ ಎರಡು ವಾರ ಬೇಕಾಗಬಹುದು. ಸೀನು ಬಂದ ದಿನ ಮಾತ್ರ ಹಾಕುವ ಔಷಧಿಯಲ್ಲ ಇದು, ದಿನವೂ ಹಾಕಬೇಕು. ದೊಡ್ಡವರಿಗೆ ಸಾಮಾನ್ಯವಾಗಿ ದಿನಕ್ಕೊಮ್ಮೆ ಪ್ರತಿ ಹೊಳ್ಳೆಗೆ ಎರಡು ಸಲ ಒತ್ತಿ ಶುರುಮಾಡಿ, ಹಿಡಿತಕ್ಕೆ ಬಂದ ಮೇಲೆ ಒಂದಕ್ಕೆ ಇಳಿಸುತ್ತಾರೆ.

ರಕ್ತ ಬರಲು ಸಾಮಾನ್ಯ ಕಾರಣ ಸ್ಪ್ರೇಯ ತುದಿ ಮೂಗಿನ ನಡುಗೋಡೆಯ ಕಡೆ ತಿರುಗಿರುವುದು. ಅಲ್ಲಿ ಪೊರೆ ತೆಳು, ಔಷಧಿ ಅದೇ ಜಾಗಕ್ಕೆ ಬಡಿದು ಬಡಿದು ಹುಣ್ಣಾಗುತ್ತದೆ. ಎರಡು ಮೂರು ದಿನ ಬಿಡುವು ಕೊಟ್ಟು ಮತ್ತೆ ಶುರುಮಾಡಿ, ಈ ಸಲ ಕೈ ಬದಲಿಸಿ. ಬಲ ಹೊಳ್ಳೆಗೆ ಎಡಗೈಯಿಂದ, ಎಡ ಹೊಳ್ಳೆಗೆ ಬಲಗೈಯಿಂದ ಹಿಡಿದರೆ ತುದಿ ತಾನಾಗಿಯೇ ಹೊರಗೋಡೆಯ ಕಡೆ ತಿರುಗುತ್ತದೆ. ಮೊದಲು ಸಿಂಬಳ ಹೊರಹಾಕಿ ಮೂಗು ಸ್ವಚ್ಛಮಾಡಿ, ಬಾಟಲಿ ಅಲುಗಾಡಿಸಿ. ತಲೆಯನ್ನು ತುಸು ಮುಂದಕ್ಕೆ ಬಾಗಿಸಿ, ಅದೇ ಬದಿಯ ಕಣ್ಣಿನ ಹೊರತುದಿಗೆ ಗುರಿಯಿಟ್ಟು ಒತ್ತುತ್ತಾ ಮೆಲ್ಲಗೆ ಉಸಿರೆಳೆದುಕೊಳ್ಳಿ. ಜೋರಾಗಿ ಎಳೆದರೆ ಔಷಧಿ ಗಂಟಲಿಗೆ ಇಳಿದು ವ್ಯರ್ಥವಾಗುತ್ತದೆ. ಬಾಯಲ್ಲಿ ಔಷಧಿಯ ರುಚಿ ಬಂದರೆ ಹಾಗಾಗಿದೆ ಎಂದೇ ಲೆಕ್ಕ. ಗ್ಲಾಕೋಮಾ (ಸಾಮಾನ್ಯವಾಗಿ ಕಣ್ಣಿನೊಳಗಿನ ಒತ್ತಡ ಹೆಚ್ಚಿ ದೃಷ್ಟಿನರ ಹಾಳಾಗುವ ಕಾಯಿಲೆ) ಇದ್ದರೆ ವೈದ್ಯರಿಗೆ ಮೊದಲೇ ತಿಳಿಸಿ.

ಸೆಟಿರಿಜಿನ್, ಫೆಕ್ಸೋಫೆನಡಿನ್ ಮಾತ್ರೆಗಳು ಸೀನು, ತುರಿಕೆಗೆ ಒಳ್ಳೆಯವು, ಕಟ್ಟಿದ ಮೂಗಿಗೆ ಅಷ್ಟಕ್ಕಷ್ಟೆ. ಬೆಳಗಿನ ಹೊತ್ತೇ ಜೋರಾಗುವುದರಿಂದ ಹಾಸಿಗೆಯಲ್ಲಿ ಬದುಕುವ ಕಣ್ಣಿಗೆ ಕಾಣದ ದೂಳುಹುಳಗಳ ಮೇಲೆ ಅನುಮಾನ ಸಹಜ. ಹೊದಿಕೆ, ದಿಂಬಿನ ಕವರ್‌ಗಳನ್ನು ವಾರಕ್ಕೊಮ್ಮೆ 60 ಡಿಗ್ರಿ ಬಿಸಿನೀರಿನಲ್ಲಿ ಒಗೆಯಿರಿ. ಕೊಠಡಿಯಲ್ಲಿ ತೇವ, ಬೂಷ್ಟು ಇದ್ದರೆ ಅದನ್ನೂ ಸರಿಪಡಿಸಿ. ಕಾರಣ ಖಚಿತವಾಗಬೇಕಾದರೆ ಚರ್ಮದ ಚುಚ್ಚುಪರೀಕ್ಷೆ ಇದೆ. ಅದಕ್ಕೆ ಸುಮಾರು ಒಂದು ವಾರ ಮೊದಲೇ ಅಲರ್ಜಿ ಮಾತ್ರೆ ನಿಲ್ಲಿಸಬೇಕು, ಇಲ್ಲವಾದರೆ ಅಲರ್ಜಿಯಿದ್ದರೂ ಕಾಣಿಸದೆ ಹೋಗಬಹುದು.

ಒಂದೇ ಕಡೆ ಕಟ್ಟುವುದು, ಒಂದೇ ಕಡೆಯಿಂದ ರಕ್ತ, ದುರ್ವಾಸನೆ ಅಥವಾ ಬಗ್ಗಿದಾಗ ತೊಟ್ಟಿಕ್ಕುವ ತಿಳಿನೀರು ಇದ್ದರೆ ಕಿವಿ-ಮೂಗು-ಗಂಟಲು ತಜ್ಞರು ನೋಡಲೇಬೇಕು. ಕಣ್ಣಿನ ಸುತ್ತ ಊತ, ಎರಡೆರಡಾಗಿ ಕಾಣುವುದು, ತೀವ್ರ ತಲೆನೋವಿನ ಜೊತೆ ಕುತ್ತಿಗೆ ಬಿಗಿತ ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರು ಇದರಲ್ಲಿ ತಡಮಾಡಲೇಬಾರದು.

ಪ್ರಶ್ನೆ: ಉಪ್ಪುನೀರಿನಿಂದ ಮೂಗು ತೊಳೆದರೆ ಉರಿಯುತ್ತದೆ, ಕಿವಿ ಕಟ್ಟಿದಂತಾಗುತ್ತದೆ. ನಿಲ್ಲಿಸಬೇಕೇ?

ಉತ್ತರ: ನಿಲ್ಲಿಸಬೇಡಿ, ಅಳತೆ ಸರಿಮಾಡಿಕೊಳ್ಳಿ. 250 ಮಿಲಿ ನೀರಿಗೆ ಅಯೋಡಿನ್ ಸೇರಿಸದ ಉಪ್ಪು ಅರ್ಧ ಟೀ ಚಮಚಕ್ಕಿಂತ ತುಸು ಕಡಿಮೆ, ಜೊತೆಗೆ ಚಿಟಿಕೆ ಅಡುಗೆ ಸೋಡ. ಉಪ್ಪು ಹೆಚ್ಚಾದರೂ ಉರಿ, ತೀರಾ ಕಡಿಮೆಯಾದರೂ ಉರಿ. ನಲ್ಲಿ ನೀರನ್ನು ನೇರವಾಗಿ ಬಳಸಲೇಬೇಡಿ: ಅಪರೂಪಕ್ಕೆ ಅದರಲ್ಲಿರುವ ಅಮೀಬಾ ಮೂಗಿನ ಮೂಲಕ ಮಿದುಳು ಸೇರಿ ಪ್ರಾಣ ತೆಗೆದ ಉದಾಹರಣೆಗಳಿವೆ. ನೀರು ಕುದಿ ಬಂದ ಮೇಲೆ ಒಂದು ನಿಮಿಷ ಕುದಿಸಿ, ಉಗುರುಬೆಚ್ಚಗಾದ ಮೇಲೆ ಬಳಸಿ. ಬಗ್ಗಿ, ತಲೆ ಓರೆಮಾಡಿ, ಬಾಯಲ್ಲಿ ಉಸಿರಾಡುತ್ತಾ ಮೇಲಿನ ಹೊಳ್ಳೆಗೆ ನಿಧಾನವಾಗಿ ಬಿಡಿ. ಬಾಟಲಿಯನ್ನು ಜೋರಾಗಿ ಹಿಂಡಿದರೆ, ಆಮೇಲೆ ಎರಡೂ ಹೊಳ್ಳೆ ಮುಚ್ಚಿ ಸಿಂಬಳ ಹೊರಹಾಕಲು ಊದಿದರೆ ಕಿವಿ ಕಟ್ಟುತ್ತದೆ. ಮೂಗು ಪೂರ್ತಿ ಕಟ್ಟಿದ್ದಾಗ ತೊಳೆಯಬೇಡಿ. ಸ್ಪ್ರೇ ಬಳಸುವವರು ಮೊದಲು ತೊಳೆದು, ಹತ್ತು ಹದಿನೈದು ನಿಮಿಷ ಬಿಟ್ಟು ಸ್ಪ್ರೇ ಹಾಕಿ. ತಿರುಗುಮುರುಗಾದರೆ ಔಷಧಿ ನೀರಿನ ಜೊತೆ ಹೊರಗೆ ಹೋಗುತ್ತದೆ.