ಉಕ್ಕಿನ ಫ್ರೇಮ್ ತೆಗೆದು ಅಲ್ಯುಮಿನಿಯಂ ಹಾಕಬಹುದಾ?

ನಿಮ್ಮ ಪ್ರಶ್ನೆ ಉಕ್ಕಿನ 1911 ಮಾದರಿ ಪಿಸ್ತೂಲಿನ ಸ್ಲೈಡ್ (ಮೇಲೆ ಹಿಂದೆಮುಂದೆ ಜಾರುವ ಭಾಗ), ಬ್ಯಾರೆಲ್ (ನಳಿಗೆ) ಇಟ್ಟುಕೊಂಡು, ಹಿಡಿ ಇರುವ ಕೆಳಗಿನ ಫ್ರೇಮ್ ಮಾತ್ರ ಅಲ್ಯುಮಿನಿಯಂದು ಹಾಕಬಹುದಾ ಅಂತ ಅಲ್ವಾ? ಹಾಕಬಹುದು, ಆದರೆ ನನ್ನ ಕೇಳಿದರೆ ಬೇಡ.

ನೀವು ಅಮೆರಿಕದಲ್ಲಿ ಇರುವುದರಿಂದ ಮೊದಲು ಕಾನೂನಿನ ಮಾತು. ಅಲ್ಲಿ ಫ್ರೇಮೇ ಬಂದೂಕು, ಸೀರಿಯಲ್ ನಂಬರ್ ಇರುವುದೂ ಅದರ ಮೇಲೆಯೇ. ಹಾಗಾಗಿ ಅಂಗಡಿಯಿಂದ ಹೊಸ ಫ್ರೇಮ್ ಕೊಂಡರೆ ಲೈಸೆನ್ಸ್ ಇರುವ ಡೀಲರ್, ಬಂದೂಕು ಕೊಳ್ಳುವವರು ತುಂಬಬೇಕಾದ 4473 ಫಾರಂ, ಹಿನ್ನೆಲೆ ತಪಾಸಣೆ ಎಲ್ಲಾ ಮತ್ತೆ ಆಗಬೇಕು.

ಫ್ರೇಮ್ ಬದಲಿಸಿದರೆ ತೂಕ ಸುಮಾರು 200 ಗ್ರಾಂ ಕಡಿಮೆಯಾಗುತ್ತದೆ. ಸೊಂಟದಲ್ಲಿ ದಿನವಿಡೀ ಇಟ್ಟುಕೊಳ್ಳುವವರಿಗೆ ಅದು ಜಾಸ್ತಿಯೇ, ಆದರೆ ಹೊಡೆದಾಗ ಕೈಗೆ ಬರುವ ಒದೆತವೂ ಜಾಸ್ತಿ. ಇನ್ನೊಂದು ತೊಂದರೆ, ಗುಂಡನ್ನು ಬ್ಯಾರೆಲ್ ಒಳಕ್ಕೆ ಜಾರಿಸುವ ಇಳಿಜಾರು, ಅಂದರೆ ಫೀಡ್ ರ‍್ಯಾಂಪ್. ಹಳೆಯ ವಿನ್ಯಾಸದಲ್ಲಿ ಅದು ಫ್ರೇಮಿನಲ್ಲೇ ಇರುತ್ತದೆ, ಗುಂಡಿನ ಮೂತಿ ಪ್ರತಿಸಲ ಅಲ್ಲಿಗೇ ಬಡಿದು ಮೆತ್ತಗಿನ ಅಲ್ಯುಮಿನಿಯಂ ಮೇಲೆ ಗೀರು, ಗುಳಿ ಬೀಳುತ್ತದೆ, ತುದಿ ಟೊಳ್ಳಾಗಿರುವ ಹಾಲೋ ಪಾಯಿಂಟ್ ಗುಂಡಾದರೆ ಇನ್ನೂ ಬೇಗ. ಅದಕ್ಕೇ ಈಗಿನ ಎಷ್ಟೋ ಹಗುರ ಮಾದರಿಗಳಲ್ಲಿ ರ‍್ಯಾಂಪನ್ನು ಉಕ್ಕಿನ ಬ್ಯಾರೆಲ್‌ಗೇ ಸೇರಿಸಿರುತ್ತಾರೆ. ನಿಮ್ಮ ಹಳೇ ಬ್ಯಾರೆಲ್ ಅಂಥ ಫ್ರೇಮಿಗೆ ಕೂರುವುದಿಲ್ಲ. ಸ್ಲೈಡ್ ಸರಿಯಾಗಿ ಜಾರುವಂತೆ ಹೊಂದಿಸುವುದಕ್ಕೂ ಗನ್‌ಸ್ಮಿತ್ (ಬಂದೂಕು ರಿಪೇರಿ ಮಾಡುವವರು) ಬೇಕು, ಮನೆಯಲ್ಲಿ ಅರ ಹಿಡಿದು ಕೂರುವ ಕೆಲಸ ಅಲ್ಲ.

ಸುಮ್ನೆ ನಿಮ್ಮ ಉಕ್ಕಿನ ಪಿಸ್ತೂಲನ್ನು ಹಾಗೇ ಬಿಡಿ. 1911ರದೇ ಗಿಡ್ಡ ಮಾದರಿಯಾದ ಕೋಲ್ಟ್ ಕಮಾಂಡರ್ 1950ರ ಸುಮಾರಿಗೆ ಬಂದದ್ದೇ ಅಲ್ಯುಮಿನಿಯಂ ಫ್ರೇಮಿನಲ್ಲಿ, ಉಕ್ಕಿನದು ಆಮೇಲೆ ಬಂತು. ಅಂಥ ಅಲ್ಯುಮಿನಿಯಂ ಫ್ರೇಮಿನದೊಂದು ಕಾರ್ಖಾನೆಯಲ್ಲೇ ಹೊಂದಿಸಿದ್ದು ಕೊಳ್ಳಿ, ಖರ್ಚೂ ಹೆಚ್ಚುಕಮ್ಮಿ ಅಷ್ಟೇ ಆಗಬಹುದು.